ಕುರಿದಾರಿ ಬಂದ್ ಆದ ದಿನ

ತೆಲಂಗಾಣದ ಗಡಿಯ ಹೊಳೆಗಾಂವದ ಮರೆಮ್ಮ ನಾಲ್ಕು ಭಾಷೆಗಳಲ್ಲಿ ಬೈಯುತ್ತಿದ್ದಳು. ಕುರಿಗಳಿಗೆ ಕನ್ನಡ, ಬಸ್ ಕಂಡಕ್ಟರನಿಗೆ ತೆಲುಗು, ಉಣ್ಣೆ ಕೊಳ್ಳಲು ಬರುವ ವ್ಯಾಪಾರಿಗೆ ದಖ್ಖನಿ. ಮರಾಠಿಯನ್ನು ದೇವರ ಮೇಲೆ ಸಿಟ್ಟು ಬಂದಾಗ ಮಾತ್ರ ಬಳಸುತ್ತಿದ್ದಳು. ಕುಲದೇವರು ಬೀರಪ್ಪನಿಗೆ ಆ ಭಾಷೆ ಅಷ್ಟಾಗಿ ತಿಳಿಯದು, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬುದು ಅವಳ ನಂಬಿಕೆ.

ಅವಳ ತವರು ತಾಂಡೂರಿನ ಆಚೆ, ಕಾಗಿಣಾ ದಂಡೆಯ ಒಂದು ಹಳ್ಳಿ. ಮದುವೆಯ ದಿಬ್ಬಣ ಜಹೀರಾಬಾದಿನವರೆಗೆ ಲಾರಿಯಲ್ಲಿ, ಅಲ್ಲಿಂದ ನಾರಾಯಣಖೇಡದ ಕಡೆಗೆ ಬಸ್ಸಿನಲ್ಲಿ ಬಂತು. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಉಳಿದದ್ದನ್ನು ಮಾಂಜ್ರಾ ಹೊಳೆಯ ದಂಡೆಗುಂಟ ಕುರಿದಾರಿಯಲ್ಲಿ ನಡೆದರು. ಮದುಮಗಳ ಸೀರೆ ಮೊಣಕಾಲತನಕ ಕೆಸರು. ಹೊಸ್ತಿಲಲ್ಲಿ ನಿಂತ ಅತ್ತೆ, "ಇದೇನವ್ವಾ, ಎಮ್ಮಿಯಂಗ ಬಂದೀದಿ" ಎಂದಳಂತೆ. "ಎಮ್ಮಿ ಬರೋ ದಾರ್ಯಾಗ ಕರ್ಕೊಂಡ್ ಬಂದ್ರ ಮತ್ತೇನ್ ನವಿಲಿನಂಗ ಬರ್ತೀನೇನ್ರಿ" ಎಂದಳಂತೆ ಸೊಸೆ. ಆವತ್ತಿನಿಂದ ಅತ್ತೆ ಅವಳೊಂದಿಗೆ ಮಾತು ಕಡಿಮೆ ಮಾಡಿದಳು. ಗಂಡ ಬೀರಣ್ಣ ಹುಟ್ಟಿದಾಗಿನಿಂದಲೇ ಮಾತು ಕಡಿಮೆ ಮಾಡಿದವನು. ಹೀಗಾಗಿ ಆ ಮನೆಯ ಮಾತಿನ ಭಾರವೆಲ್ಲ ಮರೆಮ್ಮನ ಮೇಲೆ ಬಿತ್ತು.

ಬೀರಣ್ಣ ಕುರುಬರವನು, ಒಳ್ಳೆಯ ಕುರಿಗಾರ, ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವವನು. ಅವನಿಗಿದ್ದದ್ದು ಒಂದೇ ಕೊರತೆ: ಹೊಳೆ ಎಂದರೆ ಭಯ. ಸಣ್ಣವನಿದ್ದಾಗ ಕಾಕನ ಕರುವನ್ನು ಮೊಸಳೆ ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದ. ಕರುವಿನ ಬಾಲ ಕಡೆಗೆ ಮುಳುಗಿತು ಎಂದಷ್ಟೇ ಹೇಳುತ್ತಿದ್ದ, ಅದೂ ಯಾರಾದರೂ ಒತ್ತಾಯ ಮಾಡಿ ಕೇಳಿದಾಗ. ಮದುವೆಯಾದ ವರ್ಷವೇ ಗಂಡ ಹೆಂಡತಿ ಕೆಲಸ ಹಂಚಿಕೊಂಡರು. ಗುಡ್ಡದ ಮೇವಿಗೆ ಅವನು, ಹೊಳೆಯ ಮೇವಿಗೆ ಅವಳು. ಊರು ನಕ್ಕಿತು. ಮರೆಮ್ಮ ಊರಿಗೆ ಸರಿಹೊಂದುವ ಭಾಷೆಯನ್ನು ಆರಿಸಿ ಉತ್ತರ ಕೊಟ್ಟಳು.

ಆ ಕುರಿದಾರಿಯ ಇತಿಹಾಸ ಬರೆಯಲು ಯಾವ ಪಂಡಿತನೂ ಬಂದಿರಲಿಲ್ಲ. ಕುರಿಗಳೇ ಹಿಕ್ಕೆಯಲ್ಲಿ ಬರೆಯುತ್ತ ಬಂದಿದ್ದವು. ನಿಜಾಮನ ಕಾಲದಲ್ಲಿ ಪಟೇಲ ಕುದುರೆಯ ಮೇಲೆ ಅದೇ ದಾರಿಯಲ್ಲಿ ಬಂದು, ಯಾರ ಹಿಂಡಿನಲ್ಲಿ ಕೊಬ್ಬಿದ ಟಗರು ಇದೆ ಎಂದು ನೋಡಿಕೊಂಡು ಹೋಗುತ್ತಿದ್ದನಂತೆ. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವರ್ಷ ಮೊದಲು ರಜಾಕಾರರಿಗೆ ಹೆದರಿ ಒಂದಿಷ್ಟು ಜನ ಜೀವ ಉಳಿಸಿಕೊಳ್ಳಲು ಅದರ ಮೇಲೆ ಓಡಿದರು, ಆಮೇಲೆ ಸೈನ್ಯಕ್ಕೆ ಹೆದರಿ ಇನ್ನೊಂದಿಷ್ಟು ಜನ ಓಡಿದರು. ದಾರಿ ಯಾರ ಜಾತಿಯನ್ನೂ ಕೇಳಲಿಲ್ಲ. ಮುಂದೆ ಸಿಂಗೂರಿನಲ್ಲಿ ಡ್ಯಾಮು ಕಟ್ಟಿದರು. ಹಿನ್ನೀರು ಏರಿ ಬಂದು ಹಳೆಯ ದಾರಿಯನ್ನು, ಒಂದು ಆಲದ ಮರವನ್ನು, ನಾಲ್ಕೈದು ಗೋರಿಗಳನ್ನು ನುಂಗಿತು. ಕುರಿಗಳು ಒಂದು ಮಳೆಗಾಲ ನೀರಂಚಿನಲ್ಲಿ ನಿಂತು ಯೋಚಿಸಿದವು. ಮರು ಬೇಸಿಗೆಯಷ್ಟರಲ್ಲಿ ಒಂದಿಷ್ಟು ಮೇಲೆ ಹೊಸ ದಾರಿ ಮಾಡಿಕೊಂಡವು. ಮುಳುಗಿದ ಹೊಲಗಳವರಿಗೆ ಸರ್ಕಾರ ಜಾಗ ಹುಡುಕುತ್ತಲೇ ಇತ್ತು. ಹೈದರಾಬಾದಿನ ಜನ ಆ ನೀರನ್ನೇ ಕುಡಿಯುತ್ತಾರೆ ಎಂದು ತಿಳಿದ ದಿನ ಮರೆಮ್ಮ ಕುರಿಗಳನ್ನು ತೊಳೆಯುವಾಗ ಇನ್ನಷ್ಟು ತಿಕ್ಕಿ ತೊಳೆದಳು.

ದಾರಿಯ ಜೀವಿಗಳ ಬಗ್ಗೆ ಅವಳಿಗೆ ಖಚಿತ ಅಭಿಪ್ರಾಯಗಳಿದ್ದವು. ಟಿಟ್ಟಿಭಕ್ಕಿ ಸತ್ತ ಅತ್ತೆಯ ಅವತಾರ: ಏನೂ ಆಗದಿದ್ದರೂ ಊರೆಲ್ಲ ಕೇಳುವಂತೆ ಕೂಗುತ್ತದೆ. ನೀರುನಾಯಿಗಳು ಸಂತೆಗೆ ಹೊರಟ ಅಕ್ಕತಂಗಿಯರು. ಒಂದನ್ನೊಂದು ತಳ್ಳಿಕೊಂಡು, ಕಚ್ಚಿಕೊಂಡು, ಕೂಡಿಯೇ ಹೋಗುತ್ತವೆ. ಚಳಿಗಾಲಕ್ಕೆ ಬರುವ ಹೆಬ್ಬಾತುಗಳು ದೂರದ ನೆಂಟರು, ಕಡಲೆ ಹೊಲ ಮುಗಿಸಿಯೇ ಎದ್ದು ಹೋಗುವವು. ಉಡ ಮಾತ್ರ ಮರ್ಯಾದಸ್ಥ, ತನ್ನ ಪಾಡಿಗೆ ತಾನು.

ಮೊಸಳೆಗೆ ಅವಳು ಪಟೇಲ ಎಂದು ಹೆಸರಿಟ್ಟಿದ್ದಳು. ಅದು ದಾರಿಗೆ ಅಡ್ಡ ಮಲಗುತ್ತದೆ, ಮಂದಿ ಸುತ್ತಿ ಹೋಗಬೇಕು, ದುಡಿಯುವುದಿಲ್ಲ, ಇನ್ನೊಬ್ಬರ ಕುರಿ ತಿನ್ನುತ್ತದೆ. ಬೇರೆ ಹೆಸರು ಹೊಂದುವುದಿಲ್ಲ ಎನ್ನುತ್ತಿದ್ದಳು. ಒಂದು ಬೇಸಿಗೆ ಅವಳ ಸಾಕು ಟಗರು ನೀರು ಕುಡಿಯುತ್ತಿರುವಾಗಲೇ ಮೊಸಳೆ ಅದನ್ನು ಹಿಡಿಯಿತು. ಮರೆಮ್ಮ ಕೋಲಿನಿಂದ ಬಡಿದಳು. ಟಗರೂ ಹೋಯಿತು, ಕೋಲೂ ಹೋಯಿತು. ಮನೆಗೆ ಬಂದು ಉಣ್ಣದೆ ಮಲಗಿದಳು. ಆಮೇಲೆ ಇಬ್ಬರಿಗೂ ಒಂದು ಬಗೆಯ ಒಪ್ಪಂದವಾದಂತಿತ್ತು. ಅವಳು ದೂರದಿಂದಲೇ ಬೈಯುತ್ತ ಬರುವಳು, ಅದು ಕೇಳಿಸಿಕೊಂಡು ನಿಧಾನಕ್ಕೆ ನೀರಿಗೆ ಜಾರುವುದು.

ಹೀಗಿರುವಾಗ ಎರಡು ಸಾವಿರದ ಹನ್ನೊಂದರಲ್ಲಿ ಸಕಲ ಜನುಲ ಸಮ್ಮೆ, ಅಂದರೆ ಎಲ್ಲ ಜನರ ಮುಷ್ಕರ, ಬಂತು. ತೆಲಂಗಾಣ ರಾಜ್ಯ ಕೊಡುವವರೆಗೆ ಆಫೀಸಿಲ್ಲ, ಶಾಲೆಯಿಲ್ಲ, ಬಸ್ಸಿಲ್ಲ. ಹೊಳೆಗಾಂವದ ಹೋರಾಟ ಸಮಿತಿಗೆ ಬೀಜ ಗೊಬ್ಬರದ ಅಂಗಡಿಯ ಗಂಗಾರಾಮ ಸಂಚಾಲಕನಾದ. ಕೆಟ್ಟವನಲ್ಲ. ಆದರೆ ಕೈಗೆ ಮೈಕು ಬಂದರೆ ಅದನ್ನು ಹಿಂದಕ್ಕೆ ಕೊಡುವ ಅಭ್ಯಾಸ ಅವನಿಗಿರಲಿಲ್ಲ. ಡಾಂಬರು ರಸ್ತೆಯ ಕ್ರಾಸಿಗೆ ಅಡ್ಡಲಾಗಿ ಎತ್ತಿನ ಬಂಡಿ ನಿಲ್ಲಿಸಿ, ಕನ್ನಡ ಮಾತನಾಡುವ ಊರವರನ್ನೆಲ್ಲ ಕೂಡಿಸಿ ತೆಲುಗಿನಲ್ಲಿ ಘೋಷಣೆ ಹಾಕಿಸಿದ. ಮರೆಮ್ಮನೂ ಎರಡು ದಿನ ಹೋಗಿ ಕೂತು ಕೂಗಿ ಬಂದಳು.

"ರಾಜ್ಯ ಬಂದ್ರ ಹೊಳಿ ಯಾರಿಗಿ ಬರ್ತದ?" ಎಂದು ಬೀರಣ್ಣ ಒಂದು ಸಂಜೆ ಕೇಳಿದ.

"ಪಟೇಲಗ" ಎಂದಳು ಮರೆಮ್ಮ. "ಈಗೂ ಅವಂದೇ, ಆಗೂ ಅವಂದೇ."

ರಸ್ತೆ ಮುಚ್ಚಿದ ಮೇಲೆ ಜನ ಕುರಿದಾರಿಗೆ ಇಳಿದರು. ಮೊದಲು ಕಾಲುನಡೆಯವರು, ಆಮೇಲೆ ಸೈಕಲ್ಲು, ಆಮೇಲೆ ಮೂವರನ್ನು ಕೂರಿಸಿಕೊಂಡ ಮೋಟರ್ ಸೈಕಲ್ಲುಗಳು. ಹಳೆಯ ಕಟ್ಟೆಯ ಹತ್ತಿರ ಸುಗಲಾಬಾಯಿ ಚಹಾದಂಗಡಿ ಇಟ್ಟಳು. ಟಿಟ್ಟಿಭಕ್ಕಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತು. ಕುರಿಗಳು ತಮ್ಮದೇ ದಾರಿಯಲ್ಲಿ ಬದಿಗೆ ನಿಂತು ಹಾರ್ನಿಗೆ ಕಾಯಬೇಕಾಯಿತು.

ಇದು ಗಂಗಾರಾಮನ ಕಿವಿಗೆ ಬಿತ್ತು. ತಾನು ಬಂಡಿಯ ನೆರಳಿನಲ್ಲಿ ಕೂತು ತಡೆದ ಜನವೆಲ್ಲ ಹೊಳೆದಂಡೆಯಲ್ಲಿ ಚಹಾ ಕುಡಿಯುತ್ತ ದಾಟಿ ಹೋಗುತ್ತಿದ್ದಾರೆಂದು ತಿಳಿದು ಅವನಿಗೆ ಬಹಳ ಬೇಜಾರಾಯಿತು. "ಎಲ್ಲಾ ದಾರಿ ಬಂದ್ ಅಂದ್ರ ಎಲ್ಲಾ ದಾರಿ ಬಂದ್" ಎಂದು ಸಮಿತಿಯಲ್ಲಿ ಗೊತ್ತುವಳಿ ಮಾಡಿದ. ದಿಣ್ಣೆಗೂ ನೀರಿಗೂ ನಡುವೆ ದಾರಿ ಇಕ್ಕಟ್ಟಾಗುವ ತಿರುವಿನಲ್ಲಿ ಶಾಮಿಯಾನ ಹಾಕಿ, ಅಲ್ಲೇ ಅಡುಗೆ ಮಾಡಿ ಅಲ್ಲೇ ಉಂಡು ದಾರಿ ತಡೆಯುವುದೆಂದು ಠರಾವಾಯಿತು. ಬೇರೆ ಊರುಗಳಲ್ಲಿ ಇಂಥ ಅಡುಗೆಗೆ ಚಿತ್ರಾನ್ನ ಮಾಡುತ್ತಿದ್ದರು. ಚಿತ್ರಾನ್ನಕ್ಕೆ ಜನ ಕೂಡುವುದಿಲ್ಲ ಎಂದು ಗಂಗಾರಾಮ ಎರಡು ಹೋತ ತರಿಸಿದ.

ಆ ದಿನವೇ ಮರೆಮ್ಮನ ಮಗಳು ನಾಗರತ್ನಾಳ ಮದುವೆ.

ದಿನ ಸಮ್ಮೆಗಿಂತ ಮೊದಲೇ ಗೊತ್ತಾಗಿತ್ತು. ಗಂಡು ಶಿವರಾಜ, ಹೊಳೆಯ ಮೇಲುಗಡೆಯ ಮಾದಾಪುರದವನು. ಬಸ್ಸೂ ಇಲ್ಲ, ಜೀಪೂ ಇಲ್ಲ. ಗಂಡಿನವರು ಕುರಿದಾರಿಯಲ್ಲೇ ನಡೆದು ಬರುವುದಾಗಿ ಹೇಳಿ ಕಳಿಸಿದ್ದರು. ಮುಂಜಾನೆ ಕುರಿ ತೊಳೆದುಕೊಂಡು ಬರುವಾಗ ಮರೆಮ್ಮ ತಿರುವಿನಲ್ಲಿ ಶಾಮಿಯಾನ ನೋಡಿದಳು. ಸಮ್ಮೆಯಲ್ಲಿದ್ದ ಶಾಲೆಯ ಮಾಸ್ತರ ಜೈಪಾಲ ಈರುಳ್ಳಿ ಹೆಚ್ಚುತ್ತ ಕೂತಿದ್ದ. ಗಂಗಾರಾಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೈಕು ಒರೆಸುತ್ತಿದ್ದ.

"ಇದೇನ್ ತಮ್ಮಾ, ನಮ್ಮ ಮನಿ ಮದುವಿ ಚಪ್ಪರ ಇಲ್ಲೇ ಹಾಕಿ ಬಿಟ್ಟೀದಿ" ಎಂದಳು.

"ಅಕ್ಕಾ, ಇವತ್ತಿನಿಂದ ಈ ದಾರಿ ಬಂದ್" ಎಂದ ಗಂಗಾರಾಮ.

"ಬೀಗರು ಬರೋರು ಅದಾರ."

"ನಾಳೆ ಬರ್ಲಿ."

"ನಾಳೆ ಅಂದ್ರ ಮುಹೂರ್ತನೂ ಸಮ್ಮೆಕ್ಕ ಹೋಗ್ಯದೇನು?"

ಗಂಗಾರಾಮ ಮೈಕನ್ನು ಇನ್ನೊಮ್ಮೆ ಒರೆಸಿದ. ಜೈಪಾಲ ಈರುಳ್ಳಿಯ ಕಣ್ಣೀರು ಒರೆಸಿಕೊಂಡು, "ಆ ಮಾತ್ ಆಮ್ಯಾಲ ನೋಡೋಣು. ಅಕ್ಕಾ, ಇಲ್ಲಿ ಮೊಸಳಿ ಬರ್ತದ ಅಂತಾರ, ಖರೆನಾ?" ಎಂದು ಕೇಳಿದ.

"ಹೊಳಿ ತುಂಬಿದಾಗ ಅಂವ ಈ ಕಡಿ ತಲಿ ಹಾಕಂಗಿಲ್ಲ" ಎಂದಳು ಮರೆಮ್ಮ. "ನಾ ಮದುವಿ ಆಗಿ ಬಂದಾಗಿನಿಂದ ನೋಡೀನಿ. ಆರಾಮ್ ಅಡಿಗಿ ಮಾಡ್ರಿ."

ಅಷ್ಟು ಖಚಿತವಾಗಿ ಹೇಳಿದ್ದರಿಂದ ಅಡುಗೆಯವರು ಹೋತದ ಕರುಳು, ತಲೆ, ಚರ್ಮ ಎಲ್ಲವನ್ನೂ ನೀರಂಚಿನಲ್ಲೇ ಇಟ್ಟುಕೊಂಡು ತೊಳೆಯತೊಡಗಿದರು. ಮರೆಮ್ಮ ಮನೆಗೆ ಓಡಿ, ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಬೀರಣ್ಣನಿಗೆ ವಿಷಯ ಹೇಳಿ, ಗಂಗಾರಾಮನ ಮೂರು ತಲೆಮಾರನ್ನು ನೆನೆದು, ಮಗಳಿಗೆ ಅರಿಶಿಣ ಹಚ್ಚಿ, ಬಿಸಿಲು ಏರುವಷ್ಟರಲ್ಲಿ ತಿರುವಿಗೆ ವಾಪಸು ಬಂದಳು.

ಗಂಡಿನವರು ಆಗಲೇ ತಿರುವಿನ ಆಚೆ ಬಂದು ನಿಂತಿದ್ದರು. ಮುಂದೆ ಬಾಸಿಂಗ ಕಟ್ಟಿಕೊಂಡ ಶಿವರಾಜ, ಹಿಂದೆ ಅವನ ಅಪ್ಪ ಪೋಚಪ್ಪ, ಅವರ ಹಿಂದೆ ಕಂಬಳಿ ಹೊದ್ದ ಹಿರಿಯರು, ಡೊಳ್ಳಿನವರು, ಹಸಿದ ಹೆಂಗಸರು. ದಾರಿಗೆ ಅಡ್ಡ ಕುರ್ಚಿ ಹಾಕಿಕೊಂಡು ಗಂಗಾರಾಮ ಮೈಕಿನಲ್ಲೇ ಮಾತಾಡುತ್ತಿದ್ದ, ಎದುರಿಗಿದ್ದವರು ನಾಲ್ಕು ಮಾರು ದೂರದಲ್ಲಿದ್ದರೂ.

"ಮದುವಿಗಿ ನಮ್ಮ ವಿರೋಧ ಇಲ್ಲ. ದಾಟೋದಕ್ಕ ಅದ."

"ದಾಟದೆ ಹ್ಯಾಂಗ್ ಮದುವಿ ಆಗೋದ್ರಿ?" ಎಂದ ಪೋಚಪ್ಪ.

"ಇವತ್ತ ನಿಮಗ ಬಿಟ್ರ ನಾಳೆ ತಹಸೀಲ್ದಾರ ಜೀಪ್ ತರ್ತಾನ."

"ತಹಸೀಲ್ದಾರನೂ ಸಮ್ಮೆದಾಗ ಮನ್ಯಾಗ ಮಕ್ಕೊಂಡಾನಲ್ಲೋ ತಮ್ಮಾ" ಎಂದಳು ಮರೆಮ್ಮ ಈಚೆಯಿಂದ. "ಜೀಪ್ ಏನ್ ಅದೇ ನಡ್ಕೊಂತ ಬರ್ತದೇನು?"

ಗಂಗಾರಾಮ ಅವಳ ಕಡೆ ತಿರುಗಿ ತ್ಯಾಗದ ಬಗ್ಗೆ ಹೇಳತೊಡಗಿದ. ಅವನ ಬೆನ್ನ ಹಿಂದೆ ನೀರು ಒಮ್ಮೆ ಬಾಗಿ ಎದ್ದಿತು. ಕರುಳು ತೊಳೆಯುತ್ತಿದ್ದವನು ಮೆಲ್ಲಗೆ ಎದ್ದು, ಬೋಗುಣಿಯನ್ನು ಅಲ್ಲೇ ಬಿಟ್ಟು, ದಿಣ್ಣೆ ಹತ್ತಿ ಹೋದ. ಆಮೇಲೆ ಪಟೇಲ ಬಂದ. ಮೊದಲು ಮೂಗು, ಆಮೇಲೆ ಬೆನ್ನಿನ ಗರಗಸ, ಆಮೇಲೆ ಮುಗಿಯದಷ್ಟು ಬಾಲ. ಹೋತದ ತಲೆಯನ್ನು ಅಡಿಕೆಯಂತೆ ಬಾಯಿಗೆ ಹಾಕಿಕೊಂಡು, ಚರ್ಮವನ್ನು ಎಳೆದುಕೊಂಡು, ಸಾವಕಾಶವಾಗಿ ಮೇಲೆ ಬಂದು ದಾರಿಗೆ ಅಡ್ಡಲಾಗಿ ಮಲಗಿದ.

ಹೋರಾಟ ಸಮಿತಿ ಒಂದೇ ಉಸಿರಿಗೆ ಚದುರಿತು. ಜೈಪಾಲ ಮಾಸ್ತರ ದಿಣ್ಣೆಯ ಮೇಲಿದ್ದ. ಅಡುಗೆಯವರು ಊರಿನಲ್ಲಿದ್ದರು. ಗಂಗಾರಾಮನಿಗೆ ಹತ್ತಿರವಿದ್ದದ್ದು ಒಂದು ಜಾಲಿ ಮರ. ಬಿಳಿ ಪಂಚೆಯಲ್ಲಿ ಅವನು ಅದನ್ನು ಹತ್ತಿದ ವೇಗ ನೋಡಿದವರು ಇಂದಿಗೂ ನೆನೆಯುತ್ತಾರೆ. ಮೈಕು ಕೈಯಲ್ಲೇ ಇತ್ತು, ಚಾಲೂ ಇತ್ತು. ಒಂದೊಂದು ಮುಳ್ಳು ಚುಚ್ಚಿದಾಗಲೂ ಅವನು ಹೊರಡಿಸಿದ ಸ್ವರ ಧ್ವನಿವರ್ಧಕದಿಂದ ಹೊಳೆಗಾಂವದವರೆಗೆ ಕೇಳಿಸಿತು. ಊರಲ್ಲಿದ್ದ ಮುದುಕರು ಭಾಷಣ ಇವತ್ತು ಬಹಳ ಮನಸ್ಸು ಮುಟ್ಟುವಂತಿದೆ ಎಂದುಕೊಂಡರಂತೆ.

ಈಗ ಆಚೆ ಮದುಮಗ, ಈಚೆ ಅತ್ತೆ, ನಡುವೆ ಮೊಸಳೆ.

ಮರೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಂದಿನಂತೆ ಶುರು ಮಾಡಿದಳು. "ಏ ಭಾಡ್ಯಾ, ನಿನ್ನ ಬಾಯಾಗ ಹುಳ ಬೀಳ್ಲಿ, ಇವತ್ತೇ ಸಿಕ್ಕಿತೇನೋ ನಿನಗ, ಏಳು." ಪಟೇಲ ಏಳಲಿಲ್ಲ. ತೆಲುಗಿನಲ್ಲಿ ಬೈದಳು. ದಖ್ಖನಿಯಲ್ಲಿ ಬೈದಳು. ಕಡೆಗೆ, ದೇವರಿಗೆ ಮೀಸಲಾದ ಮರಾಠಿಯನ್ನೂ ತೆಗೆದಳು. ಮೊಸಳೆ ಒಂದು ಕಣ್ಣು ಮುಚ್ಚಿತು. ಹೊಟ್ಟೆ ತುಂಬಿದವರಿಗೆ ಬೈಗುಳ ತಾಗುವುದಿಲ್ಲ.

"ಅಕ್ಕಾ, ಇನ್ನ ಸ್ವಲ್ಪ ಜೋರ್ ಬೈಯಿ" ಎಂದಿತು ಧ್ವನಿವರ್ಧಕ.

"ನೀ ಮೊದ್ಲ ಬಾಯಿ ಮುಚ್ಚು" ಎಂದಳು. ಆದರೆ ಅವಳ ದನಿ ಸೋತಿತ್ತು. ತಾನೇ ಅಲ್ಲವೇ ಅದು ಬರುವುದಿಲ್ಲ ಎಂದದ್ದು. ಮುಹೂರ್ತದ ಬಿಸಿಲು ನೆತ್ತಿಗೆ ಬರುತ್ತಿತ್ತು. ಮನೆಯಲ್ಲಿ ಮಗಳು ಅರಿಶಿಣದಲ್ಲಿ ಕೂತಿದ್ದಳು. ಮರೆಮ್ಮ ಒಂದು ಕಲ್ಲಿನ ಮೇಲೆ ಕುಸಿದು ಕೂತು, ಯಾವ ಭಾಷೆಯಲ್ಲೂ ಮಾತು ಸಿಗದೆ ಸುಮ್ಮನಾದಳು.

ಆಗ ಬೀರಣ್ಣ ಬಂದ. ಬೀಗರನ್ನು ಎದುರುಗೊಳ್ಳಲೆಂದು ಡೊಳ್ಳು ಕೊರಳಿಗೆ ಹಾಕಿಕೊಂಡು ಊರ ಅಂಚಿನಲ್ಲಿ ನಿಂತಿದ್ದವನು, ಹೊಳೆದಂಡೆಗೆ ಇಳಿಯುವುದಿಲ್ಲ ಎಂದಿದ್ದವನು, ಮರದ ಮೇಲಿನ ಮೈಕಿಗೆ ಬಿದ್ದು ಊರಿಗೂ ಕೇಳುತ್ತಿದ್ದ ಹೆಂಡತಿಯ ದನಿ ನಿಂತು ಹೋದದ್ದರಿಂದ ಗಾಬರಿಯಾಗಿ ಇಳಿದು ಬಂದಿದ್ದ. ಮೊಸಳೆಯನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ.

"ನಾಗಿ ಅವ್ವಾ, ನಿನಗೇನ್ ಆಗಿಲ್ಲಲ್ಲ?"

"ಏನ್ ಆಗಿಲ್ಲರಿ. ಅಂವ ಏಳಲ್ಲ."

ಬೀರಣ್ಣ ಡೊಳ್ಳಿನ ಹುರಿ ಬಿಗಿದ. ಆಮೇಲೆ ಡೊಳ್ಳನ್ನು ಮುಂದಕ್ಕೆ ಎಳೆದುಕೊಂಡು ಒಂದು ಹೆಜ್ಜೆ ಇಟ್ಟು ಬಡಿದ. ತಾಳ ತಪ್ಪುತ್ತಿತ್ತು, ಬೀರಪ್ಪನ ಗುಡಿಯಲ್ಲಿ ಹಾಗೆ ಬಾರಿಸಿದ್ದರೆ ಪೂಜಾರಿ ಎದ್ದು ಹೋಗುತ್ತಿದ್ದ. ಇನ್ನೊಂದು ಹೆಜ್ಜೆ ಇಟ್ಟ. ಆಚೆ ಶಿವರಾಜ ಅದನ್ನು ನೋಡಿದ. ಮದುಮಗ ಡೊಳ್ಳು ಹಿಡಿಯಬಾರದು ಎಂದು ಯಾರೋ ಅಂದದ್ದನ್ನು ಕೇಳಿಸಿಕೊಳ್ಳದೆ, ಪಕ್ಕದವನ ಕೊರಳಿನಿಂದ ಡೊಳ್ಳು ತೆಗೆದು ತಾನು ಹಾಕಿಕೊಂಡು, ಮಾವ ತಪ್ಪಿಸಿದ ತಾಳವನ್ನೇ ಹಾಗೇ ಎತ್ತಿಕೊಂಡ. ಮಾದಾಪುರದ ಉಳಿದ ಡೊಳ್ಳುಗಳೂ ಸೇರಿದವು. ನೆಲ ಅದುರಿತು. ಜಾಲಿಯ ಮರವೂ ಅದುರಿತೆಂದು ಧ್ವನಿವರ್ಧಕ ತಿಳಿಸಿತು.

ಎರಡೂ ಕಡೆಯಿಂದ ಸದ್ದು ಹತ್ತಿರ ಬಂದಂತೆ ಮೊಸಳೆ ಮುಚ್ಚಿದ ಕಣ್ಣು ತೆರೆಯಿತು, ಬಾಲ ಆಡಿಸಿತು, ಹೊಟ್ಟೆ ಎತ್ತಿಕೊಂಡು ನಾಲ್ಕು ಕಾಲಿನ ಮೇಲೆ ನಿಂತು, ಹೋತದ ಚರ್ಮವನ್ನು ಬಿಡದೆ ನೀರಿಗೆ ಜಾರಿತು. ಬೀರಣ್ಣ ಅದು ಹೋದ ಮೇಲೂ ಬಾರಿಸುತ್ತಲೇ ಇದ್ದ. ಮರೆಮ್ಮ ಎದ್ದು ಹೋಗಿ ಅವನ ಕೈ ಹಿಡಿದು ನಿಲ್ಲಿಸಬೇಕಾಯಿತು. ಅವಳು ಮಂದಿಯ ಮುಂದೆ ಗಂಡನ ಕೈ ಹಿಡಿದದ್ದು ಅದೇ ಮೊದಲು. ಆ ಹಿಡಿತವನ್ನು ಬಿಡುವುದನ್ನು ಮರೆತು ಹಾಗೇ ನಿಂತಳು.

"ಇನ್ನ ಇಷ್ಟು ಮಂದಿ ಊರಿಗಿ ಹೋಗಿ ಮುಟ್ಟೋದ್ರಾಗ ಮುಹೂರ್ತ ಮುಗೀತದ. ಮದುವಿ ಇಲ್ಲೇ ಆಗ್ಲಿ" ಎಂದಳು ಆಮೇಲೆ. "ಚಪ್ಪರ ಅದ, ಅನ್ನ ಬೆಂದದ, ಮಂದಿ ಬಂದಾರ."

ಎಲ್ಲರೂ ಜಾಲಿ ಮರದ ಕಡೆ ನೋಡಿದರು. ಮರ ಯೋಚಿಸಿ, ಮೈಕಿನಲ್ಲಿ ಹೇಳಿತು: "ಗಂಡಿನವರು ದಾಟಿ ಹೋಗಿಲ್ಲ. ಹೀಂಗಾಗಿ ಬಂದ್ ಯಶಸ್ವಿ ಆತು. ಶಾಮಿಯಾನದಾಗ ಕುಂಡ್ರಾಕ ನಮ್ಮ ತಕರಾರ ಇಲ್ಲ. ಜೈಪಾಲ, ನನ್ನ ಇಳಸಪ್ಪಾ."

ನಾಗರತ್ನಾಳನ್ನು ಹೆಂಗಸರು ಕರೆತಂದರು. ಏನಾಯಿತೆಂದು ದಾರಿಯಲ್ಲೇ ಕೇಳಿ ತಿಳಿದಿದ್ದ ಅವಳು ತಾಯಿಯ ಕಿವಿಯಲ್ಲಿ, "ಅವ್ವಾ, ಮೊಸಳಿ ಉಂಡು ಬಿಟ್ಟದ್ದು ನನ್ನ ಮದುವಿ ಊಟನಾ?" ಎಂದಳು.

"ಅಂವಂದು ತಲಿ ಕರುಳು. ನಮಗ ಖಂಡ ಉಳದದ" ಎಂದಳು ತಾಯಿ.

ಸಮಿತಿಯ ಬಾವುಟದ ಕೆಳಗೆ ತಾಳಿ ಕಟ್ಟಿದ್ದಾಯಿತು. ಅಕ್ಷತೆ ಬೀಳುವಾಗ ಯಾರೋ ರೂಢಿಯಂತೆ "ಜೈ ತೆಲಂಗಾಣ" ಎಂದರು, ಗಂಡಿನವರು "ಬೀರಪ್ಪಗ ಜೈ" ಎಂದರು. ಕೂರಲಾಗದ ಸ್ಥಿತಿಯಲ್ಲಿದ್ದ ಗಂಗಾರಾಮ ನಿಂತೇ ಉಂಡ. ಮಾಸ್ತರ ಜೈಪಾಲ ಶಾಮಿಯಾನದ ಹಿಂದೆ ಅವನಿಗೆ ಮುಳ್ಳು ತೆಗೆದುಕೊಟ್ಟ, ಮೈಕು ಬಂದ್ ಮಾಡಿದ ಮೇಲೆ. ನಾಲ್ಕನೇ ದಿನ ಜಿಲ್ಲೆಯ ಪತ್ರಿಕೆಯ ಮೂಲೆಯಲ್ಲಿ, ಹೊಳೆದಂಡೆಯಲ್ಲಿ ವಿನೂತನ ಪ್ರತಿಭಟನೆ, ವಧುವರರ ಬೆಂಬಲ ಎಂಬ ಸುದ್ದಿ ಬಂತು. ಮೊಸಳೆಯ ಹೆಸರಿರಲಿಲ್ಲ.

ಆ ತಿಂಗಳ ಕಡೆಗೆ ಸಮ್ಮೆ ನಿಂತಿತು, ಬಸ್ಸು ಬಂತು. ಸುಗಲಾಬಾಯಿ ಚಹಾದಂಗಡಿ ಎತ್ತಿ ಕ್ರಾಸಿಗೆ ಒಯ್ದಳು. ದಾರಿ ಮತ್ತೆ ಕುರಿಗಳದ್ದಾಯಿತು. ಎರಡೂವರೆ ವರ್ಷದ ಮೇಲೆ ರಾಜ್ಯವೂ ಬಂತು. ಹೊಸ ಉತ್ಸಾಹದಲ್ಲಿ ಯಾರೋ ಅಧಿಕಾರಿ ಬಂದು, ಈ ದಾರಿ ಆರೋಗ್ಯಕ್ಕೆ ಒಳ್ಳೆಯದು ಎಂದು ಕಂಡುಹಿಡಿದು, ತಿರುವಿನ ಭಾಗಕ್ಕೆ ತಾಂಡೂರಿನ ಹಾಸುಗಲ್ಲು ಹಾಕಿಸಿದ. ಕಲ್ಲು ಕಾಯುತ್ತದೆ, ಗೊರಸು ಸುಡುತ್ತದೆ. ಕುರಿಗಳು ಅದರ ಪಕ್ಕದಲ್ಲೇ ಇನ್ನೊಂದು ದಾರಿ ಮಾಡಿಕೊಂಡವು. ಕಾದ ಕಲ್ಲು ಮೆಚ್ಚಿದ್ದು ಪಟೇಲನೊಬ್ಬನೇ. ಚಳಿಗಾಲದ ಮುಂಜಾನೆ ಬಿಸಿಲು ಬಿದ್ದೊಡನೆ ಅದರ ಮೇಲೆ ಉದ್ದಕ್ಕೆ ಬಿದ್ದಿರುತ್ತಿದ್ದ. ನಾರಾಯಣಖೇಡದಿಂದ ಬೂಟು ಹಾಕಿಕೊಂಡು ವಾಕಿಂಗಿಗೆ ಬಂದ ನಾಲ್ವರು ಮೊದಲ ದಿನವೇ ಅಂದುಕೊಂಡದ್ದಕ್ಕಿಂತ ಹೆಚ್ಚು ವ್ಯಾಯಾಮ ಮಾಡಿ ಹೋದರು.

ಅಷ್ಟರಲ್ಲಿ ಮರೆಮ್ಮನ ಮೊಣಕಾಲುಗಳು ಹಿಡಿದುಕೊಂಡಿದ್ದವು. ದಿಣ್ಣೆ ಇಳಿಯಲಾಗುತ್ತಿರಲಿಲ್ಲ. ಹೊಳೆಯ ಮೇವಿಗೆ ಯಾರು ಎಂಬ ಪ್ರಶ್ನೆ ಬಂದಾಗ ಬೀರಣ್ಣ ಒಂದು ಮುಂಜಾನೆ ಡೊಳ್ಳು ಬೆನ್ನಿಗೆ ಹಾಕಿಕೊಂಡು ಕುರಿ ಹೊಡೆದುಕೊಂಡು ಹೋದ. ಮರೆಮ್ಮ ಇಡೀ ದಿನ ಬಾಗಿಲಲ್ಲೇ ಕೂತಿದ್ದಳು. ಸಂಜೆ ಅವನು ಬಂದು ಕಾಲು ತೊಳೆಯುವುದಕ್ಕೂ ಬಿಡದೆ ಕೇಳಿದಳು, ಏನಾಯಿತು, ಏನು ಕಂಡಿರಿ, ಯಾರು ಸಿಕ್ಕರು. ಅವನು ಏನೂ ಇಲ್ಲ ಎಂದ. ಏನೂ ಇಲ್ಲದೆ ಹೊಳೆ ಹರಿಯುತ್ತದೆಯೇ ಎಂದು ಅವಳು ಅವನಿಗೆಂದು ಇಟ್ಟಿದ್ದ ರೊಟ್ಟಿಯ ತಾಟನ್ನು ತನ್ನ ಕಡೆ ಎಳೆದುಕೊಂಡಳು.

ಹಸಿವಿಗೆ ಮನುಷ್ಯ ಮಾತು ಕಲಿಯುತ್ತಾನೆ. ಮೊದಮೊದಲು ಒಂದೊಂದೇ ಮಾತು ಬಂತು. ಆಮೇಲೆ ಬೀರಣ್ಣನಿಗೆ ಅದರ ರುಚಿ ಹತ್ತಿತು. ಈಗ ಸಂಜೆ ಅವರ ಓಣಿಯಲ್ಲಿ ಹಾದು ಹೋದರೆ ಅವನ ದನಿಯೇ ಮೊದಲು ಕೇಳುವುದು.

"ನೀರುನಾಯಿ ಮರಿ ಹಾಕ್ಯಾವ. ಮೂರು."

"ಮೂರೇ? ಸರಿಯಾಗಿ ನೋಡೀರೇನು?"

"ನಾಕನೇದು ಇತ್ತೋ ಏನೋ. ಒಂದರ ಮ್ಯಾಲ ಒಂದು ಬಿದ್ದಿದ್ದವು."

"ಹಂಗಾದ್ರ ನಾಳೆ ಇನ್ನೊಮ್ಮೆ ನೋಡ್ರಿ" ಎಂದು ಹೇಳಿ ಮರೆಮ್ಮ ತಾಟನ್ನು ಅವನ ಕಡೆ ಸರಿಸುತ್ತಾಳೆ.